ಬಾಗಿಲ ಕಡೆಯ ಹೂವು

ನಮ್ಮ ಮನೆಯ ತಿಜೋರಿಯ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಫ್ಲ್ಯಾಶ್ ಇದೆ. ಅದರ ಕಾಲು ಮುರಿದು ಎಷ್ಟೋ ವರ್ಷವಾಯಿತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅದನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸುತ್ತಿದ್ದೆ. ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ಈಗಲೂ ಸೊಳ್ಳೆಯ ಹಾಗೆ ಕುಂಯ್ ಎಂದು ಶುರುಮಾಡಿ, ಸ್ವರ ಏರಿಸುತ್ತ ಏರಿಸುತ್ತ ಹೋಗಿ, ಕೊನೆಗೆ ಒಂದು ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗೆಲ್ಲ ನನ್ನ ಹೆಂಡತಿ ನೀಲಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಈ ವರ್ಷರೆ ಗುಜರಿಗೆ ಹಾಕೂದೋ, ಇಲ್ಲ ಇದಕ್ಕೂ ಕುಂಕುಮ ಹಚ್ಚಿ ಪೂಜಾ ಮಾಡೂದೋ?" ಎಂದು ಕೇಳುತ್ತಿದ್ದಳು. ಈ ವರ್ಷ ಕೇಳಲಿಲ್ಲ. ಧೂಳು ಒರೆಸಿ, ಒಂದು ಹಳೆಯ ಬನಿಯನ್ನಿನಲ್ಲಿ ಸುತ್ತಿ, ಇದ್ದಲ್ಲೇ ಇಟ್ಟಳು. ಯಾಕೆ ಎಂದು ಹೇಳಬೇಕಾದರೆ ನಿಮಗೆ ಇಮಾಮಸಾಬರ ಸಂಗತಿ ಹೇಳಬೇಕು. ಆದರೆ ನನ್ನ ಬಗ್ಗೆ ಒಂದೆರಡು ಮಾತು ಹೇಳದೆ ಅಲ್ಲಿಗೆ ಹೋದರೆ ನನ್ನ ದಡ್ಡತನದ ಪೂರ್ಣ ಅಳತೆ ನಿಮಗೆ ಸಿಗುವುದಿಲ್ಲ.

ನಾನು ಬೈಲಹೊಂಗಲದಲ್ಲಿ ಮದುವೆಯ ಫೋಟೋ ತೆಗೆಯುವವನು. ಮೂವತ್ತು ವರ್ಷವಾಯಿತು. ನಮ್ಮ ಸೀಮೆಯ ಯಾವ ಕಲ್ಯಾಣ ಮಂಟಪದ ಯಾವ ಮೂಲೆಯಲ್ಲಿ ಪ್ಲಗ್ಗು ಸಡಿಲ ಇದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಇಷ್ಟು ಹೇಳಿದ ಕೂಡಲೇ ಬೆಳಕಿನ ವಿಷಯದಲ್ಲಿ ನಾನೊಬ್ಬ ಪಂಡಿತ ಎಂದು ನೀವು ತಿಳಿದರೆ ತಪ್ಪು ನಿಮ್ಮದಲ್ಲ. ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮ ಕಡೆಯ ಜನರಿಗೆ ಒಂದು ಗಟ್ಟಿ ನಂಬಿಕೆ ಇದೆ. ಲೈಟು ಬೀಳದಿದ್ದರೆ ಫೋಟೋ ಬಿದ್ದಿಲ್ಲ. ಮಟಮಟ ಮಧ್ಯಾಹ್ನ, ಬಯಲಲ್ಲಿ, ಎದುರಿಗೆ ನಿಂತವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿರುವಾಗ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ, ಬೀಗರು ನಿಂತ ಜಾಗ ಬಿಟ್ಟು ಕದಲುವುದಿಲ್ಲ. "ಲೈಟ ಬೀಳಲಿಲ್ಲಲ್ರೀ! ಇನ್ನೊಮ್ಮಿ ಹೊಡೀರಿ" ಎನ್ನುತ್ತಾರೆ. ಮೊದಮೊದಲು ನಾನು ತಿಳಿಸಿ ಹೇಳುತ್ತಿದ್ದೆ. ಒಂದು ಮದುವೆಯಲ್ಲಿ ಮದುಮಗನ ಸೋದರಮಾವ, "ಹಿಂದಿನ ಫೋಟೋದಾವ ಛಲೋ ಇದ್ದ, ಅಂವಾ ಲೈಟ ಹೊಡೀತಿದ್ದ" ಎಂದು ಎಲ್ಲರೆದುರು ಅಂದುಬಿಟ್ಟ. ಅಂದಿನಿಂದ ಕ್ಯಾಮೆರಾಕ್ಕೆ ಬೇಕಿರಲಿ ಬಿಡಲಿ, ಬೀಗರ ಸಮಾಧಾನಕ್ಕೆ ಫ್ಲ್ಯಾಶ್ ಹಾರಿಸುವುದನ್ನು ಕಲಿತೆ. ನನ್ನ ಮೂವತ್ತು ವರ್ಷದ ಅನುಭವ ಅಂದರೆ ಇಷ್ಟೇ. ಎದುರಿಗೆ ನಿಂತವರ ಮುಖಕ್ಕೆ ನೇರವಾಗಿ ಬೆಳಕು ಹೊಡೆಯುವುದು.

ಹೀಗಾಗುವ ಮೊದಲು ನನಗೆ ಬೆಳಕಿನ ಬಗ್ಗೆ ನಿಜವಾದ ಕುತೂಹಲ ಇತ್ತು. ನಾನು ಹುಟ್ಟಿ ಬೆಳೆದದ್ದು ಕಿತ್ತೂರಿನಲ್ಲಿ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಮನೆಯವರೆಲ್ಲ ಸೇರಿ ಪಡಸಾಲೆಯಲ್ಲಿ ಒಂದು ಫೋಟೋ ತೆಗೆಸಿಕೊಂಡಿದ್ದೆವು. ಫೋಟೋದವನು "ಈಗ ಲೈಟ ಬೀಳತೈತಿ, ಯಾರೂ ಹೆದರಬ್ಯಾಡ್ರಿ" ಎಂದು ಮೊದಲೇ ಹೇಳಿಬಿಟ್ಟ. ಹೆದರಬೇಡಿ ಎಂದದ್ದೇ ತಪ್ಪಾಯಿತು. ಆ ಫೋಟೋ ಈಗಲೂ ನಮ್ಮಲ್ಲಿದೆ. ಅದರಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ, ಇಬ್ಬರು ಅತ್ತೆಯರು ಎಲ್ಲರೂ ಸಾಲಾಗಿ ಕಣ್ಣು ಮುಚ್ಚಿ ಕುಳಿತಿದ್ದಾರೆ. ನಾನೊಬ್ಬನೇ ಕಣ್ಣನ್ನು ಇಷ್ಟಗಲ ಬಿಟ್ಟು, ಕತ್ತು ಓರೆ ಮಾಡಿ, ಕ್ಯಾಮೆರಾವನ್ನಲ್ಲ, ಅದರ ಪಕ್ಕವನ್ನು ನೋಡುತ್ತಿದ್ದೇನೆ. ಆ ಬೆಳಕು ಎಲ್ಲಿಂದ ಬರುತ್ತದೆ ಎಂದು ನೋಡಬೇಕಿತ್ತು ನನಗೆ.

ಆಮೇಲೆ ಕಾಲೇಜಿನ ದಿನಗಳಲ್ಲಿ ಸೋದರಮಾವನ ಕ್ಯಾಮೆರಾ ಕಾಡಿ ಬೇಡಿ ತಂದು ಕಿತ್ತೂರು ಕೋಟೆಯ ಗೋಡೆಗಳನ್ನೆಲ್ಲ ತೆಗೆದೆ. ಬೆಳಕು ಜಾಸ್ತಿ ಇದ್ದಷ್ಟೂ ಫೋಟೋ ಚೆಂದ ಎಂದು ಲೆಕ್ಕ ಹಾಕಿ ಸರಿಯಾಗಿ ಹನ್ನೆರಡು ಗಂಟೆಗೆ ಹೋಗಿದ್ದೆ. ರೋಲು ತೊಳೆಸಿದಾಗ ಅರಮನೆಯ ಗೋಡೆಗಳು ರೊಟ್ಟಿಯ ಹಿಟ್ಟು ಬಳಿದ ಹಾಗೆ ಸಪಾಟಾಗಿದ್ದವು. ಅದೇ ವಾರ ಸೈಕಲ್ಲಿನ ಕೀಲಿ ಅಲ್ಲೇ ಎಲ್ಲೋ ಬಿದ್ದಿದೆಯೆಂದು ಹುಡುಕಲು ಸಂಜೆ ಹೋದೆ. ಸೂರ್ಯ ಕೆಳಗಿಳಿದಿದ್ದ. ಅದೇ ಗೋಡೆ, ಆದರೆ ಒಂದೊಂದು ಇಟ್ಟಿಗೆಯೂ ತನ್ನ ನೆರಳು ತಾನು ಹೊತ್ತು ಬೇರೆ ಬೇರೆಯಾಗಿ ನಿಂತಿತ್ತು. ಯಾರೋ ಯಾವ ಕಾಲದಲ್ಲೋ ಹಸಿ ಗಾರೆಯ ಮೇಲೆ ಎಳೆದ ಬೆರಳಿನ ಗೆರೆ ಕೂಡ ಕಾಣುತ್ತಿತ್ತು. ಕೀಲಿ ಸಿಗಲಿಲ್ಲ. ಬರಿಗೈಯಲ್ಲಿ ನಡೆದು ಮನೆಗೆ ಬರುವಾಗ, ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಎತ್ತಲಿಂದ ಬರುತ್ತದೆ ಎನ್ನುವುದು ದೊಡ್ಡದು ಎಂದು ಹೊಳೆದಿತ್ತು. ಹೊಳೆದದ್ದನ್ನು ಮದುವೆ ಹಂಗಾಮಿನಲ್ಲಿ ಮರೆತೆ.

ಎಷ್ಟು ಮರೆತೆ ಎಂದರೆ, ರಾಮದುರ್ಗದಲ್ಲಿ ನೀಲಾಳ ತವರುಮನೆಯ ಹಿಂದಿನ ಓಣಿಯ ನೇಕಾರ ಗೌರಕ್ಕ ತನ್ನ ಮಗ್ಗದ ಫೋಟೋ ಬೇಕೆಂದಾಗ ಏನು ಮಾಡಿದೆ ಗೊತ್ತೆ? ಆ ಕೋಣೆಗೆ ಇದ್ದದ್ದು ಒಂದೇ ಬೆಳಕಿಂಡಿ. ಅದರ ಬೆಳಕು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ಗೌರಕ್ಕನ ಕೈಯ ಮೇಲೆ, ಅರ್ಧ ನೇಯ್ದ ಸೀರೆಯ ಮೇಲೆ ತಾನೇ ಬಂದು ಬಿದ್ದಿತ್ತು. ನಾನು ಎರಡು ಫ್ಲ್ಯಾಶ್ ಹೊಡೆದು ಕೋಣೆಯನ್ನು ಮದುವೆ ಮಂಟಪ ಮಾಡಿಬಿಟ್ಟೆ. ಫೋಟೋದಲ್ಲಿ ಮೊದಲು ಕಂಡದ್ದು ಜಂತಿಯ ಜೇಡರ ಬಲೆ, ಆಮೇಲೆ ಸೀರೆ. ಗೌರಕ್ಕ ಅದನ್ನು ನೋಡಿ, "ಅಯ್ಯ ಶಿವನ, ನಮ್ಮ ಮನಿ ಇಷ್ಟ ಹೊಲಸ ಐತೇನ್ರೀ!" ಎಂದು ಮರುದಿನ ಮಗ್ಗ ನಿಲ್ಲಿಸಿ ಇಡೀ ಮನೆ ಗುಡಿಸಿದಳಂತೆ. ನೀಲಾ ಇದನ್ನು ಇಂದಿಗೂ ತವರಿನವರ ಎದುರು ಹೇಳಿ ನಗುತ್ತಾಳೆ.

ಇಂಥ ನನ್ನನ್ನು ಹೋದ ವರ್ಷ ಶಿವಪ್ಪ ಫೋನ್ ಮಾಡಿ ಕರೆದರು. ಸವದತ್ತಿ ತಾಲೂಕಿನಲ್ಲಿ, ಮುನವಳ್ಳಿಯಿಂದ ಸ್ವಲ್ಪ ಒಳಗೆ ಅವರ ಊರು. ಜೋಳ, ಹತ್ತಿ ವ್ಯಾಪಾರದ ಮನೆತನ. ಊರಿನ ಮಠದ ಕಮಿಟಿಗೆ ಅವರೇ ಕಾರ್ಯದರ್ಶಿ. ಅವರ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ನಾನೇ ಲೈಟು ಬೀಳಿಸಿದ್ದೆ.

"ಸರ, ಮಠದ ಗುಂಬಜದ ಒಳಗಿನ ಫೋಟೋ ಒಂದ ಬೇಕಾಗೇತ್ರಿ. ಮುಂದಿನ ವಾರ ಪಿಓಪಿ ಹಚ್ಚಾವ್ರು ಬರ್ತಾರ. ಮೊದಲ ಹೆಂಗಿತ್ತು, ಈಗ ಹೆಂಗಾತು ಅಂತ ಮಠದ ಪುಸ್ತಕದಾಗ ಹಾಕೂದೈತಿ" ಎಂದರು.

ಗದ್ದುಗೆಯ ಮೇಲಿನ ಗುಂಬಜದಿಂದ ಸುಣ್ಣದ ಹಕ್ಕಳೆ ಉದುರಿ ಭಕ್ತರ ತಲೆ ಮೇಲೆ ಬೀಳುತ್ತಿದೆ, ಪಾರಿವಾಳಗಳ ಕಾಟ ಬೇರೆ. ಅದಕ್ಕೆ ಕೆಳಗೆ ಸಪಾಟಾದ ಬಿಳಿ ಪಿಓಪಿ ಚಾವಣಿ ಒಂದನ್ನು ಕೂರಿಸಿ, ನಡುವೆ ಬಣ್ಣದ ದೀಪ ಹಾಕಿ, ಗುಂಬಜವನ್ನು ಮೇಲೆಯೇ ಮುಚ್ಚಿಬಿಡುವುದು ಎಂದು ಕಮಿಟಿ ಠರಾವು ಮಾಡಿತ್ತು. ನಾನು ಹೊಸ ಫ್ಲ್ಯಾಶ್ ಎರಡು, ಯಾವುದಕ್ಕೂ ಇರಲಿ ಎಂದು ಹಳೆಯದೊಂದು, ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ.

ಒಳಗೆ ಕಾಲಿಟ್ಟರೆ ತಂಪು, ಕತ್ತಲೆ. ಕಿಟಕಿ ಒಂದೂ ಇಲ್ಲ. ಒಂದು ಬಾಗಿಲು, ಬಾಗಿಲಿನ ಒಳಮೈಯಲ್ಲಿ ತಲೆಯ ಮೇಲೆ ತೂಗುವ ಒಂದು ಗಂಟೆ, ಎದುರಿಗೆ ಗದ್ದುಗೆ, ಅದರ ಮುಂದೆ ಒಂದು ನಂದಾದೀಪ. ಮೇಲೆ ನೋಡಿದರೆ ಏನೋ ಬೆಳ್ಳಗೆ ಮಸುಕು. ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎರಡು ಹೊಸ ಫ್ಲ್ಯಾಶ್ ಮೇಲ್ಮುಖ ಮಾಡಿ ಹೊಡೆದೆ. ಫಳ್ ಎಂದಿತು. ಪಾರಿವಾಳಗಳು ಪಟಪಟ ಹಾರಿದವು. ಫೋಟೋ ನೋಡಿದರೆ ಮೂಲೆ ಮೂಲೆಯೂ ಬೆಳಕಾಗಿ, ತೊಳೆದು ಬೋರಲು ಹಾಕಿದ ಬೋಗುಣಿಯ ಒಳಮೈ ಹಾಗೆ ಗುಂಬಜ ಬಂದಿತ್ತು. ಶಿವಪ್ಪನವರು ನೋಡಿ, "ಭಾರಿ ಬಂದೈತ್ರಿ" ಎಂದರು. ನಾನೂ ಒಪ್ಪಿದೆ. ಮೂರು ನಿಮಿಷದಲ್ಲಿ ಕೆಲಸ ಮುಗಿದಿತ್ತು.

ಆಗ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ಎದ್ದು ಬಂದರು. ಬಿಳಿ ಟೋಪಿ, ಹೆಗಲ ಮೇಲೆ ವಸ್ತ್ರ, ಸುಣ್ಣ ಕಲಸಿ ಕಲಸಿ ಉಗುರು ದಪ್ಪಗಾದ ಬೆರಳುಗಳು. "ಇವ್ರು ಯರಗಟ್ಟಿ ಇಮಾಮಸಾಬ್ರು. ಗೌಂಡಿ. ಈ ಗುಂಬಜ ಕಟ್ಟಿದ್ದು ಇವ್ರು ಮತ್ತ ಇವ್ರ ಅಪ್ಪ" ಎಂದು ಶಿವಪ್ಪ ಪರಿಚಯ ಮಾಡಿಕೊಟ್ಟರು. ಗುಂಬಜ ಮುಚ್ಚುತ್ತಾರೆಂಬ ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದರಂತೆ. ಇಮಾಮಸಾಬರು ಕ್ಯಾಮೆರಾದ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡು ನೋಡಿದರು.

"ಹೂವು ಎಲ್ಲದಾವ್ರಿ ಇದರಾಗ?" ಎಂದರು.

"ಯಾವ ಹೂವು ಚಾಚಾ?"

"ಹದಿನಾರು ಹೂವು ಅದಾವಲ್ರೀ ಒಳಗ, ಸುತ್ತಲೂ. ಗಚ್ಚಿನಾಗ ಮಾಡಿದ್ದು."

ನಾನು ಮತ್ತೆ ಮೇಲೆ ನೋಡಿದೆ, ಮತ್ತೆ ಫೋಟೋ ನೋಡಿದೆ. ಒಂದೂ ಕಾಣಲಿಲ್ಲ. ವರ್ಷ ವರ್ಷ ಸುಣ್ಣ ಬಳಿದು ಬಳಿದು ಹೂವುಗಳು ತೆಳ್ಳಗೆ ಹೂತುಹೋಗಿದ್ದವು. ಉಳಿದ ಚೂರುಪಾರನ್ನು ನನ್ನ ಫ್ಲ್ಯಾಶ್ ಅಳಿಸಿಹಾಕಿತ್ತು. "ಪುಸ್ತಕಕ್ಕ ಇದ ಸಾಕ್ ಬಿಡ್ರಿ" ಎಂದರು ಶಿವಪ್ಪ. ಇಮಾಮಸಾಬರು ಅಲ್ಲಿಂದ ಕದಲಲಿಲ್ಲ. ನನಗೂ ಕುತೂಹಲ ಹುಟ್ಟಿತ್ತು. ಕೆಳಗೆ ಕುಳಿತು ಕೇಳಿದೆ. ಅವರು ಹೇಳಿದ್ದು ಇಷ್ಟು.

ಐವತ್ತು ವರ್ಷದ ಹಿಂದಿನ ಮಾತು. ಒಳಗಿನ ಹೂವುಗಳನ್ನು ತಂದೆ ಮಗ ಅರ್ಧರ್ಧ ಹಂಚಿಕೊಂಡಿದ್ದರು. ಗದ್ದುಗೆಯ ಕಡೆಯ ಎಂಟು ತಂದೆಯವು, ಬಾಗಿಲ ಕಡೆಯ ಎಂಟು ಮಗನವು. ಮಗನಿಗೆ ಅದೇ ಮೊದಲ ನಾಜೂಕಿನ ಕೆಲಸ. ಎಲ್ಲ ಮುಗಿದು ಅಟ್ಟಣಿಗೆ ಬಿಚ್ಚಿದ ದಿನ ತಂದೆ ಉದ್ದ ಗಳುವಿಗೆ ಕಂದೀಲು ಕಟ್ಟಿ ಒಂದು ಸುತ್ತು ಬಂದರು. ಎಲ್ಲೋ ಒಂದು ಕಡೆ ನಿಂತರು.

"ಒಂದು ಕೆಟ್ಟೈತಿ ಅಂದ್ರಿ ನಮ್ಮ ಅಬ್ಬಾ. ಅಷ್ಟ ಅಂದು, ಕೈಕಾಲು ತೊಳಕೊಂಡು, ಹೊಂಟಬಿಟ್ಟ್ರು. ಮರದಿನ ಸುಣ್ಣ ಬಡದ್ರು. ಮುಂದ ಎಂಟು ವರ್ಷ ಇದ್ದ್ರು. ಯಾವುದು ಅಂತ ಅವ್ರು ಹೇಳಲಿಲ್ಲ, ನಾ ಕೇಳಲಿಲ್ಲ."

"ಯಾಕ ಕೇಳಲಿಲ್ಲ ಚಾಚಾ?"

"ನಿಂದ ಅಂತ ಅಂದಬಿಟ್ರ?" ಎಂದು ಇಮಾಮಸಾಬರು ನಕ್ಕರು. "ನಂದ ಇರಬೇಕು ಬಿಡ್ರಿ. ಅವ್ರ ಕೈ ಅಂಥಾದ್ದು. ಆದ್ರೂ ಮುಚ್ಚೂಕಿಂತ ಮೊದಲ ಒಮ್ಮಿ ನೋಡೂಣು ಅಂತ ಬಂದೆ. ಕಣ್ಣಿಗೆ ಪೊರಿ ಬಂದೈತಿ, ಕಾಣವಲ್ದು. ನಿಮ್ಮ ಮಷೀನಿಗೆ ಕಾಣತೈತೇನೋ ಅಂತ ಆಸೆ ಆತು."

ನಾನು ಜಂಬದಿಂದ, "ಅದಕ್ಕೇನು, ಇನ್ನೂ ಜೋರ ಲೈಟ ಹಾಕೂಣು" ಎಂದೆ. ಅವರು ತಲೆಯಾಡಿಸಿದರು.

"ಜೋರ ಬ್ಯಾಡ್ರಿ. ನೀವು ಬೆಳಕ ನೆಟ್ಟಗ ಹಣಿಗೆ ಹೊಡೀತೀರಿ. ಗ್ವಾಡಿ ಖರೇ ಹೇಳಬೇಕಂದ್ರ ಬೆಳಕ ಅದರ ಕೆನ್ನಿ ಸವರಿಕೋಂತ ಹೋಗಬೇಕು" ಎಂದು ಶಿವಪ್ಪನವರ ಮೊಬೈಲು ಇಸಿದುಕೊಂಡು, ಅದರ ಬ್ಯಾಟರಿ ಬೆಳಕನ್ನು ಪಕ್ಕದ ಗೋಡೆಗೆ ಎದುರಿನಿಂದ ಹಿಡಿದರು. ಗೋಡೆ ಕನ್ನಡಿಯಂತೆ ನುಣ್ಣಗಿತ್ತು. ಆಮೇಲೆ ಮೊಬೈಲನ್ನೇ ಗೋಡೆಗೆ ಆತು ಹಿಡಿದು ಬೆಳಕನ್ನು ಅದರ ಮೈಮೇಲೆ ಹರಿಯಬಿಟ್ಟರು. ಅದೇ ಗೋಡೆಯಲ್ಲಿ ತಗ್ಗು, ದಿಬ್ಬ, ಗಾರೆ ಸವರುವ ಥಾಪಿ ಎಳೆದ ಗೆರೆ, ಕೆಲಸ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗ, ಎಲ್ಲ ಎದ್ದು ಬಂದವು. ಗಿಲಾವು ಮುಗಿದ ಮೇಲೆ ಹೊತ್ತು ಇಳಿದಾಗ ಗೌಂಡಿಗಳು ಹೀಗೆ ಗೋಡೆಗೆ ಕಂದೀಲು ಹಚ್ಚಿ ತಮ್ಮ ಕೆಲಸ ತಾವೇ ತಪಾಸಣೆ ಮಾಡುತ್ತಾರಂತೆ. ಕಿತ್ತೂರು ಕೋಟೆಯ ಸಂಜೆ, ಕಳೆದುಹೋದ ಆ ಕೀಲಿ, ಎಲ್ಲ ಒಮ್ಮೆಲೇ ನೆನಪಾಯಿತು. ಸೂರ್ಯ ಅಂದು ಮಾಡಿದ್ದನ್ನು ಕೈಯಲ್ಲಿರುವ ಫ್ಲ್ಯಾಶಿನಿಂದಲೂ ಮಾಡಬಹುದು ಎಂದು ಮೂವತ್ತು ವರ್ಷ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಪಾರಿವಾಳ ಓಡಿಸುವ ಉದ್ದ ಗಳುವೊಂದು ಮೂಲೆಯಲ್ಲಿತ್ತು. ಹೊಸ ಫ್ಲ್ಯಾಶ್ ಕಟ್ಟಲು ಮನಸ್ಸು ಬರಲಿಲ್ಲ, ಬಿದ್ದರೆ ಹೋಯಿತು. ಹಳೆಯದನ್ನೇ ಸೈಕಲ್ ಟ್ಯೂಬಿನಿಂದ ಗಳುವಿನ ತುದಿಗೆ ಬಿಗಿದೆ. ಅದರ ಜೊತೆ ಹಳೆಯ ಕಾಲದ ಒಂದು ಉದ್ದ ವೈರು ಇದೆ. ವೈರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿದರೆ ಫ್ಲ್ಯಾಶ್ ಹಾರುತ್ತದೆ. ಜೊತೆಗೆ ಮುಟ್ಟಿಸಿದವನೂ ಸ್ವಲ್ಪ ಹಾರುತ್ತಾನೆ, ಅಷ್ಟು ಶಾಕು ಹೊಡೆಯುತ್ತದೆ. ನಂದಾದೀಪಕ್ಕೆ ಅಡ್ಡ ಒಂದು ಹಲಗೆ ಇಟ್ಟೆವು. ಶಿವಪ್ಪ ಹೊರಗೆ ಹೋಗಿ ಬಾಗಿಲು ಎಳೆದು ಹಿಡಿದುಕೊಂಡರು. ಒಳಗೆ ಇಮಾಮಸಾಬರು, ನಾನು ಇಬ್ಬರೇ. ನಡುಮಧ್ಯಾಹ್ನದಲ್ಲಿ ನನ್ನ ಕೈ ನನಗೆ ಕಾಣದಷ್ಟು ಕತ್ತಲೆ.

ಇಂಥ ಕತ್ತಲೆಯಲ್ಲಿ ಒಂದು ಅನುಕೂಲ ಇದೆ. ಕ್ಯಾಮೆರಾದ ಕಣ್ಣನ್ನು ಎಷ್ಟು ಹೊತ್ತು ತೆರೆದಿಟ್ಟರೂ ಅದಕ್ಕೆ ಏನೂ ಕಾಣುವುದಿಲ್ಲ. ಅದು ಸುಮ್ಮನೆ ಕಾಯುತ್ತಿರುತ್ತದೆ. ನಾವು ಎಲ್ಲಿಂದ ಬೆಳಕು ಕೊಡುತ್ತೇವೋ ಅದೊಂದನ್ನೇ ಉಳಿಸಿಕೊಳ್ಳುತ್ತದೆ. ನಾನು ನೆಲದ ಮೇಲಿನ ಕ್ಯಾಮೆರಾ ತೆರೆದಿಟ್ಟು, ಗಳು ಎತ್ತಿ, ಗುಂಬಜ ಶುರುವಾಗುವ ಅಂಚಿಗೆ ತಂದು ಮುಟ್ಟಿಸಿದೆ. ಫಳ್. ಅಯ್ಯೋ ಎಂದೆ, ಶಾಕಿಗೆ.

"ಇನ್ನೂ ಅಂಚಿಗೆ ಹಿಡೀರಿ. ಇನ್ನೂ," ಎಂದರು ಕತ್ತಲೆಯಲ್ಲಿ ಇಮಾಮಸಾಬರು.

ಎರಡನೆಯದು ತೆಗೆದೆ. ಆಮೇಲೆ ಅಭ್ಯಾಸಬಲದಿಂದ, "ಚಾಚಾ, ಈ ಕಡೆ ಒಂದು ಆ ಕಡೆ ಒಂದು ಹೊಡದ್ರ ಎಲ್ಲಾ ಕಡೆ ಸಮ ಬೆಳಕ ಬೀಳತೈತಿ" ಎಂದೆ.

"ಬ್ಯಾಡ್ರೀ! ಎರಡೂ ಕಡೆ ಹೊಡದ್ರ ತಪ್ಪು ಮುಚ್ಚಿ ಹೋಗತೈತಿ. ಒಂದ ಕಡೆ ಹೊಡೀರಿ. ಬಾಜೂದ ಗ್ವಾಡಿಯಿಂದ ಹೊಡೀರಿ, ಇಬ್ಬರವೂ ಕಾಣ್ಲಿ."

ಗದ್ದುಗೆಗೂ ಬಾಗಿಲಿಗೂ ನಡುವಿನ ಪಕ್ಕದ ಗೋಡೆಯ ಕಡೆಯಿಂದ ಮೂರನೆಯದು ಹೊಡೆದೆ. ಪರದೆಯ ಮೇಲೆ ಅದು ಮೂಡಿತು. ಹದಿನಾರು ಕಮಲಗಳು ಸುತ್ತಲೂ ಎದ್ದು ನಿಂತಿದ್ದವು. ಒಂದೊಂದು ದಳಕ್ಕೂ ಒಂದು ಗೆರೆ ನೆರಳು. ಮೂವತ್ತು ವರ್ಷದಲ್ಲಿ ನಾನು ತೆಗೆದ ಯಾವ ಫೋಟೋ ನೋಡಿಯೂ ನನಗೆ ಇಂಥ ಸಂತೋಷ ಆಗಿರಲಿಲ್ಲ. ದೊಡ್ಡದು ಮಾಡಿ ಒಂದೊಂದೇ ಹೂವು ನೋಡುತ್ತ ಹೋದೆ. ಹದಿನೈದು ಹೂವಿಗೆ ಹೆಸರಿಟ್ಟು ತಪ್ಪು ಹಿಡಿಯುವ ಹಾಗಿರಲಿಲ್ಲ. ಒಂದರಲ್ಲಿ ಮಾತ್ರ ಒಂದು ದಳ ಜೋತು ಬಿದ್ದಿತ್ತು. ಕೆಳಗಿನ ಗಚ್ಚು ಬಿಗಿಯುವ ಮೊದಲೇ ಮೇಲಿನದು ಹಾಕಿದ್ದಾರೆ, ಅದು ಜಾರಿದೆ, ಜಾರಿದ್ದನ್ನು ಹೆಬ್ಬೆಟ್ಟಿನಿಂದ ಒತ್ತಿ ಸರಿಮಾಡಲು ನೋಡಿದ್ದಾರೆ. ಹೆಬ್ಬೆಟ್ಟಿನ ಗುಳಿ ಕೂಡ ಕಾಣುತ್ತಿತ್ತು.

"ಸಿಕ್ಕಿತು ಚಾಚಾ!" ಎಂದು ಕೂಗಿದೆ.

"ಎತ್ತಲಾಗ ಐತಿ? ಗದ್ದಿಗಿ ಕಡೀಗೋ, ಬಾಗಲ ಕಡೀಗೋ?"

ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಪರದೆಯಲ್ಲಿ ಆ ಹೂವು ಕೆಳಗಡೆ, ನನ್ನ ಹೊಟ್ಟೆಯ ಕಡೆಗಿತ್ತು. "ಬಾಗಲ ಕಡೀದ" ಎಂದೆ. ಹುಡುಕಿದ ಉತ್ಸಾಹದಲ್ಲಿ, ಏನು ಹೇಳುತ್ತಿದ್ದೇನೆ ಎಂಬುದು ಹೇಳಿದ ಮೇಲೆ ತಿಳಿಯಿತು.

ಇಮಾಮಸಾಬರು, "ಹೌದ್ರಿ. ನಂದ. ಗೊತ್ತಿತ್ತು" ಎಂದರು. ಹೋಗಿ ಬಾಗಿಲು ತಟ್ಟಿದರು. ಹೊರಗೆ ಬಂದು, ಹೆಗಲ ವಸ್ತ್ರ ಝಾಡಿಸಿ ಮತ್ತೆ ಮಡಚಿ ಹಾಕಿಕೊಂಡು, "ಭಾಳ ಉಪಕಾರ ಆತ್ರಿ ಸರ" ಎಂದು ನನಗೆ ಕೈಮುಗಿದು ಬಸ್ಸಿಗೆ ಹೊರಟರು. ಬಂದಾಗ ನೆಟ್ಟಗೆ ಬಂದಿದ್ದವರು ಹೋಗುವಾಗ ಗೋಡೆ ಹಿಡಿದು ಮೆಟ್ಟಿಲಿಳಿದರು. ನನಗೆ ಬಹಳ ಕೆಟ್ಟೆನಿಸಿತು. ಈ ಕುತೂಹಲ ಎಂಬುದು ಯಾಕಾದರೂ ನನಗೆ ಬಂತೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಫೋಟೋ ಹಾಕಿ, ಚಾಚಾಗೆ ಒಂದು ಪ್ರತಿ ತೆಗೆಯೋಣ ಎಂದು ಕುಳಿತಿದ್ದೆ. ಹಿಂದಿನ ರಾತ್ರಿಯೇ ಎಲ್ಲ ಸಂಗತಿ ಕೇಳಿದ್ದ ನೀಲಾ ಚಹಾ ತಂದಿಟ್ಟು ಬಗ್ಗಿ ನೋಡಿದಳು. ಹೂವುಗಳನ್ನು ಮೆಚ್ಚಿಕೊಂಡಳು. ಆಮೇಲೆ ಫೋಟೋದ ಮೇಲಂಚಿಗೆ ಬೆರಳಿಟ್ಟು, "ಇದೇನ್ರಿ ತುದಿಗೆ, ಬಟ್ಟಲದಂಗ ಕರ್ರಗ?" ಎಂದಳು.

ನೋಡಿದೆ. ಗಂಟೆ. ಗಂಟೆಯ ಅರ್ಧ ಬಾಯಿ.

"ಗಂಟಿ ಅದು" ಎಂದೆ.

"ಗಂಟಿ ಎಲ್ಲಿರತೈತಿ? ಬಾಗಲದಾಗ ಅಲ್ಲಾ? ಮತ್ತ ಆ ಕೆಟ್ಟ ಹೂವು ಕೆಳಗೈತಿ. ಅದು ಬಾಗಲ ಕಡೀದು ಹೆಂಗಾತು?"

ಆಗ ನೆನಪಾಯಿತು. ಮೂರನೆಯ ಫೋಟೋಕ್ಕೆ ಮೊದಲು ವೈರು ಅಡ್ಡ ಬರುತ್ತದೆ ಎಂದು ನೆಲದ ಮೇಲಿನ ಕ್ಯಾಮೆರಾವನ್ನು ಹಿಂದುಮುಂದು ತಿರುಗಿಸಿ ಇಟ್ಟಿದ್ದೆ. ಅದು ಪೂರಾ ಮರೆತುಹೋಗಿತ್ತು. ಮದುವೆಯ ಫೋಟೋದಲ್ಲಿ ಈ ತಾಪತ್ರಯ ಇಲ್ಲ. ತಲೆ ಮೇಲಿರುತ್ತದೆ, ಕಾಲು ಕೆಳಗಿರುತ್ತದೆ, 'ಎತ್ತ ಕಡೆ' ಎಂದು ಯಾರೂ ಕೇಳುವುದಿಲ್ಲ. ಗುಂಬಜಕ್ಕೆ ತಲೆಯಿಲ್ಲ, ಕಾಲಿಲ್ಲ. ಜೋತು ಬಿದ್ದ ದಳ ಗಂಟೆಯ ಎದುರು ದಿಕ್ಕಿನಲ್ಲಿತ್ತು. ಗದ್ದುಗೆಯ ಕಡೆಗೆ. ಅದು ತಂದೆಯ ಹೂವು.

"ಹಂಗಾರ ಆ ಹಿರ್ಯಾರಿಗೆ ಸುಳ್ಳ ಹೇಳಿ ಬಂದ್ರಿ ನೀವು" ಎಂದಳು ನೀಲಾ. ಅವಳ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಮಧ್ಯಾಹ್ನದ ಬಸ್ಸಿಗೆ ಯರಗಟ್ಟಿಗೆ ಹೋದೆ. ಪೇಟೆಯ ಹಿಂದಿನ ಓಣಿಯಲ್ಲಿ ಗೌಂಡಿ ಇಮಾಮಸಾಬರ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅವರು ಬಾಗಿಲ ಮುಂದೆ ಹೊರಸಿನ ಮೇಲೆ ಕುಳಿತಿದ್ದರು. "ಬರ್ರಿ ಸರ, ಬರ್ರಿ, ಕುಂಡ್ರ್ರಿ" ಎಂದು ಸರಿದು ಜಾಗ ಮಾಡಿದರು. ಒಳಗಿನಿಂದ ಸೊಸೆ ಚಹಾ ಕಳಿಸಿದರು. ನಾನು ಚಹಾ ಮುಟ್ಟದೆ, "ಚಾಚಾ, ನಂದು ತಪ್ಪಾಗೇತಿ. ನಿನ್ನೆ ನಾ ಹೇಳಿದ್ದು ಉಲ್ಟಾ" ಎಂದೆ.

ಅವರಿಗೆ ತಿಳಿಯಲಿಲ್ಲ. ಪ್ರಿಂಟನ್ನು ಹೊರಸಿನ ಮೇಲೆ ಹಾಸಿ, ಗಂಟೆ ಕೆಳಗೆ ಬರುವ ಹಾಗೆ ತಿರುಗಿಸಿದೆ. ಅವರ ಬೆರಳು ಹಿಡಿದು ಗಂಟೆಯ ಮೇಲೆ ಇಟ್ಟೆ. "ಇದು ಗಂಟಿ. ಅಂದ್ರ ಇದು ಬಾಗಲ ಕಡೆ. ಈ ಕೆಳಗಿನ ಎಂಟು ನಿಮ್ಮುವು." ಬೆರಳನ್ನು ಮೇಲಕ್ಕೆ ತಂದೆ. "ಇದು ಗದ್ದಿಗಿ ಕಡೆ. ಇಲ್ಲಿ ನೋಡ್ರಿ, ದಳ ಜೋತಬಿದ್ದೈತಿ."

"ಇದು ಅಬ್ಬಾನ ಹೂವಲ್ರೀ?"

"ಹೌದ್ರಿ."

ಬೆರಳು ಅಲ್ಲೇ ಇತ್ತು. ಕಾಗದದ ಮೇಲೆ ಆ ದಳವನ್ನು ಮುಟ್ಟಿ ಮುಟ್ಟಿ ನೋಡಿದರು, ಕೈಗೆ ತಾಗುವುದೇನೋ ಎಂಬಂತೆ. ಅವರು ಖುಷಿಪಡುತ್ತಾರೆ, ಐವತ್ತು ವರ್ಷದ ಭಾರ ಇಳಿಯಿತು ಎನ್ನುತ್ತಾರೆ ಎಂದು ನಾನು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರ ಕಣ್ಣಲ್ಲಿ ನೀರು ಬಂತು.

"ಹಂಗಾರ ನನಗ ಅಂದಿದ್ದಲ್ಲ ಅದು," ಎಂದರು. "ತನಗ ತಾನ ಅಂದಕೊಂಡಿದ್ದು. ಎಷ್ಟ ನೋವು ಆಗಿರಬೇಕ್ರಿ ಅವ್ರಿಗೆ! ಅಟ್ಟ ಬಿಚ್ಚಿತ್ತು, ಮ್ಯಾಲ ಹತ್ತಾಕ ಬರೂಹಂಗಿಲ್ಲ. ಮುಂದ ಆ ಊರ ಕಡೆ ಹೋಗೂಣು ಅಂದ್ರ ಏನರೆ ನೆವ ಹೇಳತಿದ್ದ್ರು. ನನ್ನ ಮ್ಯಾಲ ಸಿಟ್ಟೈತಿ ಅಂತ ತಿಳದಿದ್ದೆ ನಾ."

ನಾನು ಚಹಾ ಕುಡಿದೆ. ಅವರೇ ಮುಂದುವರಿಸಿದರು. "ಆ ಒಂದ ಮಾತಿಗೆ ಹೆದರಿ ನಾ ಜನಮಪೂರ್ತಿ ಪ್ರತಿ ಗ್ವಾಡಿಗೆ ಎರಡೆರಡು ಸಲ ಕಂದೀಲ ಹಿಡದೇನ್ರಿ. ಇಮಾಮಸಾಬನ ಗಿಲಾವು ಅಂದ್ರ ಸೌದತ್ತಿ ತಾಲೂಕಿನಾಗ ಹೆಸರ ಆತು. ನಂದ ಕೆಟ್ಟೈತಿ ಅಂತ ಅವ್ರು ಹೇಳಿದ್ರೂ ಆಗತಿದ್ದಿಲ್ಲ, ತಮ್ಮದ ಕೆಟ್ಟೈತಿ ಅಂತ ಹೇಳಿದ್ರೂ ಈ ಹೆಸರ ಆಗತಿದ್ದಿಲ್ಲ." ಎದ್ದು ಹೊರಡುವಾಗ ನಾನು ಪ್ರಿಂಟ್ ತೋರಿಸಿ, "ಗಂಟಿ ಕೆಳಗ ಬರೂಹಂಗ ಫ್ರೇಮ ಹಾಕಸ್ರಿ. ಮ್ಯಾಲಿನವು ಅವ್ರುವು, ಕೆಳಗಿನವು ನಿಮ್ಮುವು" ಎಂದು ಎರಡು ಸಲ ಹೇಳಿದೆ. ಮತ್ತೊಮ್ಮೆ ಉಲ್ಟಾ ಆಗುವುದು ನನಗೆ ಬೇಡವಾಗಿತ್ತು.

ಪಿಓಪಿ ಆಯಿತು. ಈಗ ಅಲ್ಲಿ ಗುಂಬಜ ಇಲ್ಲ, ಸಪಾಟಾದ ಬಿಳಿ ಚಾವಣಿಯ ನಡುವೆ ನೀಲಿ, ಹಸಿರು ದೀಪ ಉರಿಯುತ್ತವೆ. ಮೊದಲಿನ ಬೋಗುಣಿಯ ಫೋಟೋ ಪುಸ್ತಕದಲ್ಲಿ ಬಂದಿದೆ. ಹೂವುಗಳ ಫೋಟೋ ಕಳಿಸಿದ್ದೆ, ನೆರಳು ಜಾಸ್ತಿ ಐತಿ ಎಂದು ಕಮಿಟಿಯವರು ಬಿಟ್ಟರಂತೆ. ಶಿವಪ್ಪನವರಿಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತೋ ಏನೋ, ಇಮಾಮಸಾಬರಿಗೆ ಪುಸ್ತಕದ ಒಂದು ಪ್ರತಿ ಕೊಟ್ಟು ಶಾಲು ಹೊದಿಸಿ ಬರೋಣ ಎಂದು ನನ್ನನ್ನೂ ಯರಗಟ್ಟಿಗೆ ಕರೆದುಕೊಂಡು ಹೋದರು.

ಒಳಗೆ ಪಡಸಾಲೆಯ ಗೋಡೆಯ ಮೇಲೆ, ಎದುರಿಗೇ, ಆ ಫೋಟೋ ಇತ್ತು. ಅಗಲ ಕಟ್ಟಿನ ಮರದ ಫ್ರೇಮು. ನೋಡಿದ ಕೂಡಲೇ ನನಗೆ ತಿಳಿಯಿತು, ತಲೆಕೆಳಗಾಗಿದೆ. ಕೆಟ್ಟ ಹೂವು ಕೆಳಗೆ ಬಂದಿದೆ. ಫ್ರೇಮಿನ ಅಂಗಡಿಯವನ ತಪ್ಪಿರಬೇಕು ಎಂದು ಸರಿಮಾಡಲು ಎದ್ದು ಕೈ ಚಾಚಿದೆ. ಹತ್ತಿರ ಹೋದಾಗ ಇನ್ನೊಂದು ಕಂಡಿತು. ಗಂಟೆ ಇದ್ದ ಮೇಲಂಚಿನಲ್ಲಿ ಮರದ ಕಟ್ಟನ್ನು ಒಂದು ಬೆರಳಿನಷ್ಟು ಹೆಚ್ಚಿಗೆ ಸರಿಸಿ ಕೂರಿಸಿದ್ದರು. ಗಂಟೆ ಕಾಣುತ್ತಿರಲಿಲ್ಲ. ಉಳಿದ ಮೂರು ಕಡೆ ಕಟ್ಟು ಸಮನಾಗಿತ್ತು. ಗೌಂಡಿಯ ಮನೆಯಲ್ಲಿ ಅಳತೆ ಹಾಗೆ ಸುಮ್ಮನೆ ತಪ್ಪುವುದಿಲ್ಲ.

"ಇರ್ಲಿ ಬಿಡ್ರಿ ಸರ," ಎಂದರು ಹಿಂದಿನಿಂದ ಇಮಾಮಸಾಬರು. "ಹಂಗ ಛಲೋ ಕಾಣತೈತಿ."

ನಾನು ಬಂದು ಕುಳಿತೆ. ಶಿವಪ್ಪನವರು ಶಾಲು ಹೊದಿಸಿ, ಫೋಟೋದ ಮುಂದೆ ನಿಂತು, ತಾವು ದಿನಾ ಕೆಳಗೆ ಅಡ್ಡಾಡಿದ ಗುಂಬಜದಲ್ಲಿ ಇಷ್ಟೆಲ್ಲ ಇತ್ತೇ ಎಂದು ಬೆರಗಾಗಿ ನೋಡಿದರು. ಯಾರು ಯಾವುದನ್ನು ಮಾಡಿದ್ದು ಎಂದು ಕೇಳಿದರು.

"ಮ್ಯಾಲಿನವು ನಮ್ಮ ಅಬ್ಬಾನುವು. ಒಂದಕ್ಕರೆ ಹೆಸರ ಇಡ್ರಿ ನೋಡೂಣು! ಕೆಳಗಿನವು ನನ್ನುವು. ಅಲ್ಲೊಂದು ದಳ ಜೋತಬಿದ್ದೈತಿ ನೋಡ್ರಿ, ಅದು ನಾ ಕೆಡಿಸಿದ್ದು. ಹುಡುಗ ಇದ್ನಲ್ರೀ ಆಗ, ಅವಸರ."

ಶಿವಪ್ಪನವರು ಕನ್ನಡಕ ಏರಿಸಿ ಅತ್ತಿತ್ತ ಕತ್ತು ತಿರುಗಿಸಿದರು. ದಿನಾ ಆ ಬಾಗಿಲು ತೆಗೆಯುವವರು, ದಿಕ್ಕು ಹೊಂದಿಸಿಕೊಳ್ಳಲು ನೋಡುತ್ತಿದ್ದರು. ಹೊಂದಲಿಲ್ಲ. ನನ್ನ ಕಡೆ ತಿರುಗಿ, "ಹೌದೇನ್ರಿ ಸರ? ಆ ಕೆಟ್ಟದ್ದು ಬಾಗಲ ಕಡೀದೇನ್ರಿ?" ಎಂದು ಕೇಳಿದರು.

ಇಮಾಮಸಾಬರೂ ನನ್ನ ಕಡೆ ನೋಡಿದರು.

"ಹೌದ್ರಿ," ಎಂದೆ. "ಬಾಗಲ ಕಡೀದ."